ಗೀಜಗಕ್ಕೊಂದು ಜಾಗ

ಮೋಡ ಇಳಿದ ದಿನ ನಮ್ಮೂರಿನಲ್ಲಿ ಯಾರೂ ಮೊದಲ ಕರೆಗೆ ಓಗೊಡುವುದಿಲ್ಲ. ಹೆಸರು ಹಿಡಿದು ಕರೆದರೂ ಸುಮ್ಮನಿರುತ್ತೇವೆ. ಎರಡನೆಯ ಸಲ ಕರೆದಾಗ ತಲೆಯೆತ್ತಿ, ‘ಏನ್ ತಿಂದೆ ಇವತ್ತು?’ ಎಂದು ಕೇಳುತ್ತೇವೆ. ಎದುರಿನವರು ಅಕ್ಕಿರೊಟ್ಟಿ ಎಂದೋ, ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡೆ ಎಂದೋ ಹೇಳಿದರೆ ಆಯಿತು, ಅವರು ಇವತ್ತಿನವರು. ಉತ್ತರ ಬಾರದೆ ಅದೇ ಕರೆ ಅದೇ ರಾಗದಲ್ಲಿ ಮತ್ತೆ ಬಂದರೆ ಅದು ಹಳೆಯ ದನಿ. ಮೋಡ ಎಂದೋ ಎತ್ತಿಟ್ಟುಕೊಂಡದ್ದನ್ನು ಈಗ ಇಳಿಸುತ್ತಿದೆ ಎಂದುಕೊಂಡು ನಮ್ಮ ಕೆಲಸ ನಾವು ನೋಡಿಕೊಳ್ಳುತ್ತೇವೆ. ತರಕಾರಿ ಬೀದಿಯಲ್ಲಿ ಹೋದ ವರ್ಷದ ಚೌಕಾಸಿ ಕೇಳಿಸುತ್ತದೆ. ಈ ವರ್ಷದ ಗಿರಾಕಿ ಅದನ್ನು ಕಿವಿಗೆ ಹಾಕಿಕೊಂಡು, ‘ಆವಾಗ ಬದನೆಕಾಯಿ ಅಷ್ಟಕ್ಕೇ ಕೊಟ್ಟಿದ್ಯಲ್ಲ’ ಎಂದು ಜಗಳ ತೆಗೆಯುತ್ತಾನೆ. ತೀರಿಕೊಂಡ ಅತ್ತೆ ಹಿತ್ತಿಲಿನಿಂದ ಬೈದರೆ ಸೊಸೆ ರುಬ್ಬುವ ಕೈ ನಿಲ್ಲಿಸದೆ, ‘ಅದು ನನ್ನ ಸೀಮಂತದ ವರ್ಷದ್ದು’ ಎಂದು ಪಕ್ಕದ ಮನೆಯವಳಿಗೆ ಹೇಳುತ್ತಾಳೆ.

ಇನ್ನೊಂದು ಪದ್ಧತಿಯೂ ಇದೆ. ರಕ್ತಸಂಬಂಧದವರ ದನಿ ಹಳೆಯದೋ ಇವತ್ತಿನದೋ ಎಂದು ಯಾರೂ ತಾವೇ ತೀರ್ಮಾನ ಮಾಡುವುದಿಲ್ಲ. ಆಸೆ ಕಿವಿಯನ್ನು ಕೆಡಿಸುತ್ತದೆ. ಹತ್ತಿರ ಇದ್ದವರನ್ನು ಕರೆದು, ‘ನೀನು ಕೇಳಿ ಹೇಳು’ ಎನ್ನುತ್ತಾರೆ. ಕರೆಸಿಕೊಂಡವರು ಆ ಕೆಲಸವನ್ನು ದೇವರ ಕೆಲಸದಂತೆ ಮಾಡುತ್ತಾರೆ, ಯಾಕೆಂದರೆ ನಾಳೆ ಅವರಿಗೂ ಯಾರಾದರೂ ಬೇಕು.

ಇಂಥ ಊರಿಗೂ ಒಂದು ವಿಮಾನ ನಿಲ್ದಾಣವಿದೆ, ನಾನು ಅಲ್ಲಿ ಕೆಲಸಕ್ಕಿದ್ದೇನೆ. ಚಿಕ್ಕದು. ಒಂದು ರನ್‌ವೇ, ಅದರ ಪಕ್ಕದಲ್ಲಿ ಗಾಜಿನ ಗೋಪುರ, ಗೋಪುರದ ಬುಡದಲ್ಲಿ ಕಿಟಕಿಯಿಲ್ಲದ ನನ್ನ ಕೋಣೆ. ವಿಮಾನ ಗುಡ್ಡಸಾಲಿನ ಆಚೆ ಇರುವಷ್ಟು ಹೊತ್ತು ಅದು ದೊಡ್ಡೂರಿನ ನಿಲ್ದಾಣದ ಫೆಲಿಕ್ಸ್‌ನ ಸುಪರ್ದಿಯಲ್ಲಿರುತ್ತದೆ. ಗುಡ್ಡ ದಾಟಿದ ಮೇಲೆ ನನ್ನದು. ರನ್‌ವೇಗೆ ಮುಖಮಾಡಿ ಇಳಿಯತೊಡಗಿದ ಮೇಲೆ ಗೋಪುರದ ಮರುಳಯ್ಯನವರದು. ಮರುಳಯ್ಯನವರ ಜೊತೆ ಮಾತಾಡಲು ಗೋಡೆಗೆ ಹಾಕಿದ ಒಂದು ಮಾತಿನ ಪೆಟ್ಟಿಗೆ, ಫೆಲಿಕ್ಸ್ ಜೊತೆ ಮಾತಾಡಲು ಟೆಲಿಫೋನು. ತಂತಿಯಲ್ಲಿ ಹರಿಯುವ ಮಾತನ್ನು ಮೋಡ ಮುಟ್ಟುವುದಿಲ್ಲ, ಅದು ಯಾವಾಗಲೂ ಇವತ್ತಿನದೇ. ವಿಮಾನಗಳ ಮಾತು ಬರುವುದು ರೇಡಿಯೋದಲ್ಲಿ. ಅಲ್ಲಿ ಹಳೆಯದೂ ಹೊಸದೂ ಬೆರೆತು ಬರುತ್ತದೆ. ಒಂದು ಸಲ ರಾಡಾರ್ ತಂದು ಕೂರಿಸಿದ್ದರು. ಮೋಡದ ದಿನ ಅದು ನಮ್ಮ ತಾತಂದಿರ ಕಾಲದ ವಿಮಾನಗಳನ್ನೆಲ್ಲ ಸಾಲಾಗಿ ತೋರಿಸಿತು. ತಂದವರೇ ಬಿಚ್ಚಿಕೊಂಡು ಹೋದರು.

ಆದ್ದರಿಂದ ನಮ್ಮ ಕೆಲಸವೆಲ್ಲ ಒಂದು ಮರದ ಹಲಗೆಯ ಮೇಲೆ. ಅದರಲ್ಲಿ ಒಂದರ ಕೆಳಗೊಂದು ಗೂಡುಗಳಿವೆ. ಒಂದು ವಿಮಾನಕ್ಕೆ ಒಂದು ಚೀಟಿ, ಒಂದು ಚೀಟಿಗೆ ಒಂದು ಗೂಡು. ಮೇಲಿನ ಗೂಡೆಂದರೆ ಆಕಾಶದಲ್ಲಿ ಮೇಲಿನ ಮಟ್ಟ, ಕೊನೆಯ ಗೂಡೆಂದರೆ ನೆಲಕ್ಕೆ ಹತ್ತಿರದ ಮಟ್ಟ. ಒಂದು ಗೂಡಿನಲ್ಲಿ ಎರಡು ಚೀಟಿ ಇರಬಾರದು. ನಮ್ಮ ವಿದ್ಯೆಯ ತಿರುಳು ಅಷ್ಟೇ.

ಇದರ ಅರ್ಧವನ್ನು ನಾನು ಕೆಲಸಕ್ಕೆ ಸೇರುವ ಮುಂಚೆಯೇ ಕಲಿತಿದ್ದೆ. ನಮ್ಮ ದೊಡ್ಡಪ್ಪ ಸಂಜೆಯ ದೀಪ ಹಚ್ಚಿದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಕೂತು ಕಾವ್ಯ ಓದುತ್ತಿದ್ದರು. ಓದುವವರ ಎದುರಿಗೆ ಹೂಂಗುಟ್ಟುವವನು ಒಬ್ಬ ಬೇಕು. ಪದ್ಯದ ಮಾತು ನಿಂತಲ್ಲಿ ‘ಹೂಂ’ ಎನ್ನಬೇಕು. ಮುಂಚೆ ಅಂದರೆ ಓದುವವರ ಉಸಿರು ಕೆಡುತ್ತದೆ. ತಡವಾದರೆ ಯಾರೂ ಕೇಳುತ್ತಿಲ್ಲವೇನೋ ಎಂದು ದನಿ ಕುಗ್ಗುತ್ತದೆ. ನನಗೆ ಮಾತು ಕಡಿಮೆಯಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿಯೂ ನಾನು ಮಾಡುವುದು ಅದನ್ನೇ. ಫೆಲಿಕ್ಸ್ ಒಂದು ವಿಮಾನವನ್ನು ಒಪ್ಪಿಸುವಾಗ ನಾನು ‘ಹೂಂ’ ಎನ್ನುವವರೆಗೆ ಅದರ ಭಾರ ಅವನದು. ಅಂದ ಮರುಕ್ಷಣದಿಂದ ನನ್ನದು. ನಡುವೆ ಯಾರದೂ ಅಲ್ಲದ ವಿಮಾನವೊಂದು ಆಕಾಶದಲ್ಲಿ ಇರಕೂಡದು. ಫೆಲಿಕ್ಸ್‌ನನ್ನು ನಾನು ಇವತ್ತಿಗೂ ಕಣ್ಣಲ್ಲಿ ನೋಡಿಲ್ಲ, ಆದರೆ ಅವನು ಉಸಿರು ಎಲ್ಲಿ ಎಳೆಯುತ್ತಾನೆ ಎಂದು ಬಲ್ಲೆ.

ಮರುಳಯ್ಯನವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಹೆಂಡತಿ ಹೋಗಿ ಬಹಳ ವರ್ಷ. ಒಬ್ಬಳೇ ಮಗಳು ಮಹದೇವಿ, ಟಪಾಲು ವಿಮಾನ ಹಾರಿಸುತ್ತಾಳೆ. ಬೆಳಗಾಗುತ್ತಲೇ ಗುಡ್ಡದ ಊರಿಗೆ ಟಪಾಲು, ಔಷಧಿ ಒಯ್ದು ಊಟದ ಹೊತ್ತಿಗೆ ಮರಳುವುದು ಅವಳ ನಿತ್ಯದ ಕೆಲಸ. ನಮ್ಮ ಕಡೆ ವಿಮಾನಗಳನ್ನು ಹಕ್ಕಿಯ ಹೆಸರಿನಿಂದ ಕರೆಯುತ್ತೇವೆ. ಜನ ತುಂಬಿಕೊಂಡು ಬರುವ ದೊಡ್ಡವು ಬೆಳ್ಳಕ್ಕಿ, ಕೊಕ್ಕರೆ, ನವಿಲು. ಅವಳ ಪುಟ್ಟದರ ಹೆಸರು ಗೀಜಗ. ಕರಡಿಗುಡ್ಡದ ಸಂದಿನಿಂದ ಈಚೆ ಬಂದ ಕೂಡಲೆ ಅವಳು ದಿನವೂ ಒಂದೇ ಮಾತು ಹೇಳುತ್ತಿದ್ದಳು: ‘ಗೀಜಗ, ಕರಡಿಗುಡ್ಡ ದಾಟಿದೆ, ಇಳಿಯೋಕೆ ದಾರಿ ಕೊಡಿ.’ ಹೇಳಿ ಹೇಳಿ ಆ ಮಾತಿಗೆ ಒಂದು ಧಾಟಿಯೇ ಬಂದಿತ್ತು. ‘ದಾರಿ’ ಎಂಬಲ್ಲಿ ಏರಿ ‘ಕೊಡಿ’ ಎಂಬಲ್ಲಿ ಇಳಿಯುತ್ತಿತ್ತು. ಹೀಗಾಗಿ ನಮ್ಮೂರ ಮೋಡದಲ್ಲಿ ಅವಳ ದನಿ ತುಂಬಿ ತುಳುಕುತ್ತದೆ. ಮೋಡದ ದಿನ ರೇಡಿಯೋ ಹಾಕಿದರೆ ಗೀಜಗ ಮತ್ತೆ ಮತ್ತೆ ಕರಡಿಗುಡ್ಡ ದಾಟುತ್ತಲೇ ಇರುತ್ತದೆ, ಬಂದಿಳಿಯುವುದು ಒಂದೇ ಸಲ. ಮಗಳ ದನಿ ಬಂತೆಂದರೆ ಮರುಳಯ್ಯನವರು ಪದ್ಧತಿಯ ಪ್ರಕಾರ ಹೆಡ್‌ಫೋನ್ ತೆಗೆದು ಪಕ್ಕಕ್ಕಿಡುತ್ತಿದ್ದರು. ನಾನು ಕೇಳಬೇಕಾದ್ದನ್ನು ಕೇಳಿ, ಪೆಟ್ಟಿಗೆಯಲ್ಲಿ ‘ಇವತ್ತಿನದೇ, ಬಂದ್ಲು’ ಎಂದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದರು.

ನಾನು ಹೇಳುತ್ತಿರುವ ದಿನ ಬೆಳಿಗ್ಗೆ ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆದಿತ್ತು. ಗಾಳಿ ಸರಿಯಿಲ್ಲ, ಹೋಗಬೇಡ ಎಂದು ಇವರು. ಔಷಧಿಯ ಪೆಟ್ಟಿಗೆ ಬಂದು ಕೂತಿದೆ, ಹೋಗದೆ ಇರಲಾಗದು ಎಂದು ಅವಳು. ಅವರು ಕಟ್ಟಿಟ್ಟ ಬುತ್ತಿಯನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋದಳು. ಮರುಳಯ್ಯನವರು ಆ ಡಬ್ಬಿಯನ್ನು ಗೋಪುರಕ್ಕೆ ತಂದು ಕಿಟಕಿಯ ದಂಡೆಯ ಮೇಲೆ ಇಟ್ಟುಕೊಂಡಿದ್ದರು. ಬಿಸಿಲು ಸ್ವಲ್ಪ ಏರುವಷ್ಟರಲ್ಲಿ ಮೋಡ ಇಳಿಯಿತು. ರನ್‌ವೇಯ ಆಚೆ ತುದಿ ಕಾಣದಾಯಿತು.

ನಾನು ಟೆಲಿಫೋನಿನಲ್ಲಿ ಫೆಲಿಕ್ಸ್ ಹೇಳುತ್ತಿದ್ದ ಗಾಳಿಯ ಸುದ್ದಿ ಕೇಳುತ್ತಿದ್ದಾಗ ಗೋಡೆಯ ಪೆಟ್ಟಿಗೆ ಮಾತಾಡಿತು. ‘ಅನಂತು, ಗೀಜಗದ ಚೀಟಿ ತೆಗೆದುಬಿಡಪ್ಪ. ಮಾದೇವಿ ಇವತ್ತು ಅಲ್ಲೇ ಉಳ್ಕೋತಾಳಂತೆ.’

‘ಯಾವಾಗ ಹೇಳಿದ್ಲು?’

‘ಈಗ್ಲೇ, ರೇಡಿಯೋದಲ್ಲಿ. ಮೋಡ ಜಾಸ್ತಿ, ಇವತ್ತು ಹೊರಡಲ್ಲ ಅಂದ್ಲು. ಕೊನೆಗೂ ಬುದ್ಧಿ ಬಂತು.’

ಅವರ ಮಾತಿನಲ್ಲಿ ನಗು ಇತ್ತು. ನಾನು ಕೊನೆಯ ಗೂಡಿನಿಂದ ಗೀಜಗದ ಚೀಟಿ ತೆಗೆದು ಮೇಜಿನ ಖಾನೆಗೆ ಹಾಕಿದೆ. ಫೆಲಿಕ್ಸ್ ಅತ್ತ ಕಾಯುತ್ತಿದ್ದ.

‘ಅನಂತಣ್ಣ, ಇಲ್ಲಿ ನಮ್ಮ ರನ್‌ವೇ ಮೇಲೆ ಬಲೆ ಹಾಕಿದ್ರೆ ಮೀನು ಸಿಕ್ಕೀತು. ಇಳಿಸ್ಲಿಕ್ಕೆ ಸಾಧ್ಯವೇ ಇಲ್ಲ. ಎಲ್ಲಾ ನಿಮ್ಮಲ್ಲಿಗೆ ಕಳಿಸ್ತೇನೆ.’

‘ಎಲ್ಲಾ ಅಂದ್ರೆ?’

‘ಎಲ್ಲಾ ಅಂದ್ರೆ ಎಲ್ಲಾ, ಮಾರಾಯ್ರೇ.’

ಒಂದೊಂದಾಗಿ ಬಂದವು. ನಾನು ಒಂದೊಂದಕ್ಕೂ ಹೂಂ ಅನ್ನುತ್ತ ಚೀಟಿ ಬರೆದು ಗೂಡಿಗೆ ಸಿಕ್ಕಿಸಿದೆ. ಹೊಳೆಯ ಮೇಲಿನ ಆಕಾಶದಲ್ಲಿ, ಅಡುಗೆಮನೆಯ ಡಬ್ಬಿಗಳ ಹಾಗೆ, ಒಂದರ ಮೇಲೊಂದು ಸುತ್ತುಹಾಕುತ್ತ ನಿಂತವು. ಎಲ್ಲಕ್ಕಿಂತ ಕೆಳಗಿನದನ್ನು ಇಳಿಸಲು ಮರುಳಯ್ಯನವರಿಗೆ ಕೊಡುವುದು, ಮೇಲಿನವನ್ನು ಒಂದೊಂದು ಮಟ್ಟ ಇಳಿಸಿಕೊಳ್ಳುವುದು. ಕೊನೆಯ ಗೂಡು ಮಾತ್ರ ಕರಡಿಗುಡ್ಡದ ಸಂದಿನ ದಾರಿಯದು, ಗೀಜಗದ್ದು. ಅದು ಖಾಲಿಯಿತ್ತು. ಪ್ರತಿಯೊಬ್ಬರನ್ನೂ, ‘ಏನ್ ತಿಂದ್ರಿ ಇವತ್ತು?’ ಎಂದು ಕೇಳಿಯೇ ಚೀಟಿ ಬರೆದೆ. ದೂರದ ಊರಿನ ಪೈಲಟ್ಟುಗಳಿಗೆ ಇದು ರೂಢಿಯಿಲ್ಲ.

‘ಕೊಕ್ಕರೆ ಇಲ್ಲಿ. ಇಡ್ಲಿ ತಿಂದೆ. ಅದೂ ತಣ್ಣಗಿತ್ತು. ಇದೇನ್ ಸ್ವಾಮಿ, ನೆಂಟರ ಮನೆಗೆ ಬಂದಿದ್ದೀವಾ?’

‘ಸುತ್ತು ಹಾಕ್ತಿರಿ. ನಿಮ್ದು ಮೂರನೇ ಸರದಿ,’ ಎಂದೆ.

ಆಗಲೇ ಬಂತು. ‘ಗೀಜಗ, ಕರಡಿಗುಡ್ಡ ದಾಟಿದೆ, ಇಳಿಯೋಕೆ ದಾರಿ ಕೊಡಿ.’

‘ಗೀಜಗ, ಏನ್ ತಿಂದೆ ಇವತ್ತು?’

ಉತ್ತರವಿಲ್ಲ. ಬೆಳ್ಳಕ್ಕಿಯನ್ನು ಒಂದು ಮಟ್ಟ ಇಳಿಸಿದೆ. ಮತ್ತೆ ಅದೇ: ‘ಗೀಜಗ, ಕರಡಿಗುಡ್ಡ ದಾಟಿದೆ, ಇಳಿಯೋಕೆ ದಾರಿ ಕೊಡಿ.’ ಮತ್ತೆ ಕೇಳಿದೆ. ಮತ್ತೆ ಸುಮ್ಮನೆ.

ಪೆಟ್ಟಿಗೆಯಲ್ಲಿ ಮರುಳಯ್ಯನವರು, ‘ಮಾದೇವಿದಾ?’ ಎಂದರು.

‘ಹೌದು. ಉತ್ತರ ಇಲ್ಲ.’

‘ಹಳೇದು ಬಿಡು. ಅವಳು ಬೆಚ್ಚಗೆ ಕೂತಿರ್ತಾಳೆ ಅಲ್ಲಿ.’

ನಾನೂ ಹಳೆಯದೇ ಎಂದುಕೊಂಡೆ. ಕಾವ್ಯ ಕೇಳಿದ ಕಿವಿಗೆ ಭೇದ ತಿಳಿಯಬೇಕಿತ್ತಲ್ಲ ಎಂದು ಆಮೇಲೆ ಕೆಲವರು ಕೇಳಿದ್ದಾರೆ. ತಿಳಿಯಲಿಲ್ಲ. ಅದೇ ಏರು, ಅದೇ ಇಳಿತ, ಹಿಂದೆ ಅದೇ ಎಂಜಿನ್ನಿನ ಸದ್ದು. ದಿನವೂ ಒಂದೇ ಮಾತನ್ನು ಒಂದೇ ಧಾಟಿಯಲ್ಲಿ ಹೇಳಿದವಳ ದನಿಯಲ್ಲಿ ದಿನವನ್ನು ಹುಡುಕುವುದು ಯಾರಿಂದಲೂ ಆಗದು.

ಟೆಲಿಫೋನು ಹೊಡೆಯಿತು. ‘ಅನಂತಣ್ಣ, ಇನ್ನೊಂದು ಉಂಟು. ನವಿಲು. ಎಣ್ಣೆ ಕಡಿಮೆ ಉಂಟು ಅಂತಿದ್ದಾರೆ. ಹೊಳೆ ಕಡೆ ಸುತ್ತಿ ಬಂದ್ರೆ ತಡ. ಕರಡಿಗುಡ್ಡದ ಸಂದಿಯಿಂದ ನೇರ ಕಳಿಸ್ತೇನೆ, ನಿಮ್ಮ ಕೊನೇ ಮಟ್ಟದಲ್ಲಿ. ಅದು ಖಾಲಿ ಉಂಟಲ್ಲ?’

ಹಲಗೆ ನೋಡಿದೆ. ಕೊನೆಯ ಗೂಡು ಖಾಲಿ. ಹೂಂ ಎನ್ನಲು ಬಾಯಿ ತೆರೆದೆ. ಆ ಹೊತ್ತಿಗೆ ಮೂರನೆಯ ಸಲ ರೇಡಿಯೋದಲ್ಲಿ ಗೀಜಗ ಕರಡಿಗುಡ್ಡ ದಾಟಿತು. ಬಾಯಿಂದ ಹೂಂ ಹೊರಡಲಿಲ್ಲ. ಕರೆದವರಿಗೆ ಒಪ್ಪಿಗೆಯನ್ನೂ ಕೊಡದೆ, ಇಲ್ಲವೆಂದೂ ಹೇಳದೆ, ಅವರ ದಾರಿಯನ್ನು ಇನ್ನೊಬ್ಬರಿಗೆ ಕೊಡುವುದು ನನಗೆ ಒಗ್ಗಲಿಲ್ಲ. ‘ಸ್ವಲ್ಪ ತಡಿ ಫೆಲಿಕ್ಸ್’ ಎಂದು ಗೋಡೆಯ ಪೆಟ್ಟಿಗೆ ಒತ್ತಿದೆ.

‘ಮರುಳಯ್ಯನವರೇ, ಮಹದೇವಿ ಬರಲ್ಲ ಅಂದಾಗ ನೀವು ಕೇಳಿದ್ರಾ?’

‘ಏನನ್ನ?’

‘ಏನ್ ತಿಂದೆ ಅಂತ.’

ಪೆಟ್ಟಿಗೆಯಲ್ಲಿ ಮಳೆಯ ಸದ್ದು ಮಾತ್ರ ಕೇಳಿಸಿತು. ಗಾಜಿನ ಮೇಲೆ ಬೀಳುತ್ತಿದ್ದ ಮಳೆ.

‘ಇಲ್ಲ,’ ಎಂದರು.

‘ಹೆಡ್‌ಫೋನ್ ತೆಗೀಲಿಲ್ವಾ?’

‘ತೆಗೀಬೇಕಿತ್ತು. ಬರಲ್ಲ ಅಂದ್ಲಲ್ಲ ಅನಂತು. ಬರ್ತೀನಿ ಅಂದಿದ್ರೆ ನಿನ್ನನ್ನ ಕೇಳ್ತಿದ್ದೆ.’

ಹೋದ ಮಳೆಗಾಲದಲ್ಲೂ ಒಂದು ದಿನ ಅವಳು ಹಾಗೆ ಹೇಳಿ ಗುಡ್ಡದೂರಿನಲ್ಲಿ ಉಳಿದಿದ್ದಳು. ಅದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಮರುಳಯ್ಯನವರು ಕೇಳಿದ್ದು ಆ ದಿನದ ದನಿಯೇ ಇರಬಹುದು. ಗುಡ್ಡದೂರಿಗೆ ಇರುವುದು ಒಂದು ಟೆಲಿಫೋನು, ಅದರ ತಂತಿ ಬೆಳಗಿನ ಗಾಳಿಗೇ ಬಿದ್ದಿತ್ತು. ಅವಳು ಹೊರಟಿದ್ದಾಳೋ ಇಲ್ಲವೋ ಕೇಳುವುದಕ್ಕೆ ಬೇರೆ ಮಾರ್ಗವಿರಲಿಲ್ಲ.

ಹೊರಟಿದ್ದರೆ ನನ್ನ ಪ್ರಶ್ನೆಗೆ ಯಾಕೆ ಉತ್ತರಿಸುತ್ತಿಲ್ಲ? ಅವಳ ರೇಡಿಯೋದ ಕೇಳುವ ಭಾಗ ಕೆಟ್ಟಿರಬಹುದು. ಹೇಳುವುದು ಬರುತ್ತದೆ, ಕೇಳುವುದು ಆಗುವುದಿಲ್ಲ. ಬೇರೆ ಊರಿನಲ್ಲಿ ಇದು ಸಣ್ಣ ತೊಂದರೆ. ನಮ್ಮೂರಿನಲ್ಲಿ ಕಿವಿ ಕೆಟ್ಟ ವಿಮಾನಕ್ಕೂ ಹಳೆಯ ದನಿಗೂ ವ್ಯತ್ಯಾಸವೇ ಇಲ್ಲ.

‘ಅವಳಿಗೆ ಜಾಗ ಬಿಡ್ತೀನಿ,’ ಎಂದೆ.

‘ಬೇಡ,’ ಎಂದರು ಮರುಳಯ್ಯನವರು. ಅವರ ದನಿ ಕಲ್ಲಿನ ಹಾಗಿತ್ತು. ‘ನವಿಲಿನಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಂಗೆ ಗೊತ್ತಾ? ಇದೆಯೋ ಇಲ್ವೋ ಗೊತ್ತಿಲ್ಲದ ಒಂದು ದನಿಗೆ ಅವರನ್ನ ಕಾಯಿಸ್ತೀಯಾ? ನನ್ನ ಮಗಳು ಅಂತ ನೀನು ಹಂಗೆ ಮಾಡಿದ್ರೆ ನಾನು ಯಾವ ಮುಖ ಇಟ್ಕೊಂಡು ಇಲ್ಲಿ ಕೂರ್ಲಿ?’

‘ನೀವು ಇದನ್ನ ತೀರ್ಮಾನ ಮಾಡೋ ಹಾಗಿಲ್ಲ. ನಿಮ್ಮವಳು. ನಾನು ಕೇಳಿ ಹೇಳಬೇಕು, ಅದೇ ಪದ್ಧತಿ.’

‘ಸರಿ, ನೀನು ಏನ್ ಹೇಳ್ತೀಯಾ?’

‘ಗೊತ್ತಾಗ್ಲಿಲ್ಲ ಅಂತ ಹೇಳ್ತೀನಿ. ಗೊತ್ತಾಗೋವರೆಗೆ ಅವಳು ಇದ್ದಾಳೆ.’

ಒಂದು ಖಾಲಿ ಚೀಟಿ ತೆಗೆದು, ಏನೂ ಬರೆಯದೆ ಕೊನೆಯ ಗೂಡಿಗೆ ಸಿಕ್ಕಿಸಿದೆ. ಫೆಲಿಕ್ಸ್‌ಗೆ ಆ ಮಟ್ಟ ಖಾಲಿಯಿಲ್ಲ ಎಂದೆ.

‘ಯಾರಿದ್ದಾರೆ ಅಲ್ಲಿ? ನನ್ನಲ್ಲಿ ಯಾವ ಚೀಟಿಯೂ ಇಲ್ಲ.’

‘ಟಪಾಲಿನವಳು. ಇದ್ದಾಳೋ ಇಲ್ವೋ ಗೊತ್ತಿಲ್ಲ.’

‘ಎಂತದು ಮಾರಾಯ್ರೇ. ಇರುವವರಿಗೇ ಜಾಗ ಇಲ್ಲ, ಇಲ್ಲದವರಿಗೆ ಎಲ್ಲಿಂದ ಕೊಡುವುದು?’ ಅವನು ಉಸಿರು ಎಳೆದದ್ದು ಕೇಳಿಸಿತು. ‘ನಿಮ್ಮೂರಿನ ಮೋಡದ ವಿಷಯ ನನಗೆ ಅರ್ಥ ಆಗುವುದಿಲ್ಲ. ನವಿಲನ್ನು ಹೊಳೆ ಕಡೆಯಿಂದಲೇ ಕಳಿಸ್ತೇನೆ, ಎಲ್ಲರ ಮೇಲೆ. ಆದ್ರೆ ಅವರಿಗೆ ಸುತ್ತು ಹಾಕ್ಲಿಕ್ಕೆ ಆಗುವುದಿಲ್ಲ. ಬೇಗ ಬೇಗ ಇಳಿಸಿ ಕೊಡ್ಬೇಕು ನೀವು. ಒಪ್ಪಿಗೆಯಾ?’

‘ಹೂಂ.’

ಆಮೇಲಿನ ಹೊತ್ತಿನಲ್ಲಿ ಮೂವರೂ ಒಂದೇ ಬಾಯಿ ಒಂದೇ ಕಿವಿ ಎಂಬಂತೆ ಕೆಲಸ ಮಾಡಿದೆವು. ಬೆಳ್ಳಕ್ಕಿಯನ್ನು ಮರುಳಯ್ಯನವರ ಕೈಗೆ ಕೊಟ್ಟೆ. ಅದು ನೆಲ ಮುಟ್ಟುವ ಮುಂಚೆಯೇ ಅವರು, ‘ಮುಂದಿನದು ಕೊಡು’ ಎಂದರು. ಅದರ ಹಿಂದಿನದನ್ನು ಕೊಟ್ಟೆ. ಅದು ರನ್‌ವೇಯಿಂದ ಪಕ್ಕಕ್ಕೆ ಸರಿಯುವಷ್ಟರಲ್ಲಿ ಕೊಕ್ಕರೆ ಇಳಿಯುವ ದಾರಿಯಲ್ಲಿತ್ತು. ಮಳೆ ಜೋರಾಯಿತು. ಕೊಕ್ಕರೆಯ ಪೈಲಟ್ಟು ತೀರ ಹತ್ತಿರ ಬಂದು, ರನ್‌ವೇ ಕಾಣುತ್ತಿಲ್ಲ, ಮತ್ತೆ ಮೇಲೇರುತ್ತೇನೆ ಎಂದ. ಹಾಗೆ ಏರುವವರು ಎಡಕ್ಕೆ ತಿರುಗಿ ಕರಡಿಗುಡ್ಡದ ಕಡೆ ಹೋಗುವುದು ವಾಡಿಕೆ. ಆ ಕಡೆ ಖಾಲಿ ಚೀಟಿ ಇತ್ತು.

‘ಬಲಕ್ಕೆ ತಿರುಗಿ ಕೊಕ್ಕರೆ. ಹೊಳೆ ಕಡೆ.’

‘ಬಲಕ್ಕಾ? ಎಡಕ್ಕೇನಾಗಿದೆ?’

‘ಎಡಕ್ಕೆ ಒಬ್ಬರು ಬರೋದಿದೆ.’

ಇದನ್ನು ಮೇಲಿನಿಂದ ನವಿಲು ಕೇಳಿಸಿಕೊಂಡಿತು. ‘ಯಾರಿಗೆ ದಾರಿ ಕಾಯ್ತಿದ್ದೀರಿ? ನಾವು ಕೆಳಗೆ ಬರಲೇಬೇಕು.’ ಆ ಪೈಲಟ್ಟು ಹೆಂಗಸು. ಮಾತಿನಲ್ಲಿ ಕೋಪವಿರಲಿಲ್ಲ, ಕೋಪಕ್ಕೂ ಸಮಯವಿಲ್ಲದ ಹಾಗಿತ್ತು. ಕೊಕ್ಕರೆಗೆ ಎಣ್ಣೆ ಸಾಕಷ್ಟಿದ್ದದ್ದರಿಂದ ಅದನ್ನು ಮೇಲಕ್ಕೆ ಕಳಿಸಿ, ನವಿಲನ್ನು ಅದರ ಜಾಗಕ್ಕೆ ಇಳಿಸಿಕೊಂಡೆ. ಈಗ ರನ್‌ವೇಯ ಎದುರು ನವಿಲು ಮತ್ತು ಖಾಲಿ ಚೀಟಿ, ಎರಡೇ. ಇಬ್ಬರನ್ನೂ ಒಟ್ಟಿಗೆ ಇಳಿಸಲಾಗದು. ನವಿಲನ್ನು ಈಗಲೇ ಇಳಿಯಲು ಬಿಟ್ಟರೆ, ಮೋಡದೊಳಗೆ ಕಿವಿಯಿಲ್ಲದೆ ಬರುತ್ತಿರುವವಳು ಅದರ ಬೆನ್ನ ಮೇಲೇ ಇಳಿಯಬಹುದು.

ನಾಲ್ಕನೆಯ ಸಲ ದನಿ ಬಂತು. ಅದೇ ಮಾತು, ಅದೇ ಧಾಟಿ. ಆಮೇಲೆ ನಿಂತಿತು. ಹಳೆಯ ದನಿಗಳೂ ಹೀಗೆಯೇ ನಿಲ್ಲುತ್ತವೆ.

ಕರಡಿಗುಡ್ಡದಿಂದ ರನ್‌ವೇಯವರೆಗೆ ಗೀಜಗಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಆದರೆ ಯಾವ ಕರೆಯಿಂದ ಎಣಿಸುವುದು? ಮೊದಲನೆಯದು ನಿಜವಾಗಿದ್ದರೆ ಅವಳು ಇಷ್ಟರಲ್ಲಿ ಬಂದಿರಬೇಕಿತ್ತು. ಮೂರನೆಯದಾಗಿದ್ದರೆ ಈಗ ಬರಬೇಕು. ನಾಲ್ಕನೆಯದಾಗಿದ್ದರೆ ಇನ್ನೂ ಕಾಯಬೇಕು, ಅಷ್ಟು ಕಾಯುವ ಶಕ್ತಿ ನವಿಲಿಗಿರಲಿಲ್ಲ.

‘ಅನಂತಣ್ಣ,’ ಎಂದ ಫೆಲಿಕ್ಸ್, ಟೆಲಿಫೋನು ಕೆಳಗಿಡದೆಯೇ ಕೂತಿದ್ದವನು. ‘ನವಿಲಿಗೆ ಈ ಒಂದು ಸುತ್ತು. ಇದೇ ಕೊನೆ.’

‘ಗೊತ್ತು.’

‘ಕೊಡಪ್ಪ ನವಿಲನ್ನ,’ ಎಂದರು ಪೆಟ್ಟಿಗೆಯಲ್ಲಿ ಮರುಳಯ್ಯನವರು. ‘ನಾನು ಹೇಳ್ತಿದ್ದೀನಿ, ಕೊಡು.’

ನಾನು ಕಣ್ಣು ಮುಚ್ಚಿದೆ. ದೊಡ್ಡಪ್ಪ ಕಾವ್ಯ ಶುರುಮಾಡುವ ಮುಂಚೆ ಹೇಳುತ್ತಿದ್ದ ಒಂದು ಸ್ತುತಿ ಪದ್ಯವಿದೆ, ಆರು ಸಾಲಿನದು. ನವಿಲಿನ ಸುತ್ತು ಮುಗಿಯುವುದಕ್ಕೂ ಅದು ಮುಗಿಯುವುದಕ್ಕೂ ಸರಿಹೋಗುತ್ತದೆ ಎಂದು ಅಂದಾಜು ಮಾಡಿದೆ. ಪದ್ಯ ಮುಗಿದ ಕೂಡಲೆ ನವಿಲನ್ನು ಕೊಟ್ಟುಬಿಡುವುದು, ಆಮೇಲೆ ದೇವರ ಚಿತ್ತ ಎಂದುಕೊಂಡೆ. ಮನಸ್ಸಿನಲ್ಲೇ, ಅವಸರ ಮಾಡದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಹೇಳಿಕೊಂಡೆ. ಮೂರನೆಯ ಸಾಲು ಮುಗಿಯಿತು. ನಾಲ್ಕನೆಯದು. ಐದನೆಯದರ ನಡುವೆ ಪೆಟ್ಟಿಗೆ ಕರಕರ ಎಂದಿತು.

‘ದೀಪ,’ ಎಂದರು ಮರುಳಯ್ಯನವರು.

ನಾನು ಐದನೆಯ ಸಾಲು ಮುಗಿಸಿದೆ.

‘ಸಣ್ಣ ದೀಪ. ಕರಡಿಗುಡ್ಡದ ಕಡೆ. ಕೆಳಗಿದೆ. ಓಲಾಡ್ತಿದೆ, ಆದ್ರೆ ಬರ್ತಿದೆ.’ ಆಮೇಲೆ ಕುರ್ಚಿ ಬಿದ್ದ ಸದ್ದು. ಮಾತು ಕೇಳಿಸದ ವಿಮಾನಗಳಿಗೆ ತೋರಿಸಲೆಂದು ಗೋಪುರದಲ್ಲಿ ಒಂದು ದೊಡ್ಡ ಕೈದೀಪ ನೇತುಹಾಕಿದೆ. ಅದನ್ನು ಎತ್ತಿಕೊಂಡು ಅವರು ಕಿಟಕಿಗೆ ಒತ್ತಿ ನಿಂತು ಹಸಿರು ಬೆಳಕು ಬಿಟ್ಟರಂತೆ. ಇಳಿಯಬಹುದು ಎಂದು ಅದರ ಅರ್ಥ. ನಾನು ಆರನೆಯ ಸಾಲನ್ನು ಅರ್ಧಕ್ಕೆ ಬಿಟ್ಟು ರೇಡಿಯೋ ಒತ್ತಿದೆ. ‘ನವಿಲು, ನಿಮ್ಮ ಮುಂದೆ ಒಂದು ಪುಟ್ಟ ವಿಮಾನ ಇಳೀತಿದೆ. ಅದರ ಹಿಂದೆಯೇ ಬನ್ನಿ.’

‘ಹಿಂದೆಯೇ ಬರ್ತಿದ್ದೀನಿ,’ ಎಂದಳು ಆ ಹೆಂಗಸು.

ಗೀಜಗ ನೆಲ ಮುಟ್ಟಿ, ರನ್‌ವೇಯ ಮೇಲೆ ಓಡುತ್ತಿದ್ದ ಹಾಗೆಯೇ ಹುಲ್ಲಿಗೆ ಇಳಿದು ಪಕ್ಕಕ್ಕೆ ಸರಿಯಿತು. ಹಿಂದೆ ಯಾರೋ ಇರಬೇಕೆಂದು ಅವಳಿಗೆ ತಿಳಿದಂತಿತ್ತು. ನವಿಲು ನೀರು ಎರಚುತ್ತ ಅದನ್ನು ದಾಟಿ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ಮಳೆ ತೆಳುವಾಗಿ ಕೊಕ್ಕರೆಯೂ ಇಳಿಯಿತು. ಫೆಲಿಕ್ಸ್, ‘ಇನ್ನು ನನ್ನಲ್ಲಿ ಯಾರೂ ಇಲ್ಲ. ಇಲ್ಲದವರೂ ಇಲ್ಲ’ ಎಂದು ನಕ್ಕು ಟೆಲಿಫೋನು ಇಟ್ಟ.

ಆಕಾಶ ಬರಿದಾಗಿತ್ತು. ಕಾಲು ಸಡಿಲಿಸೋಣವೆಂದು ನಾನು ಗೋಪುರ ಹತ್ತಿದೆ. ಮರುಳಯ್ಯನವರು ಬಿದ್ದ ಕುರ್ಚಿಯನ್ನು ಎತ್ತಿಯೂ ಇರಲಿಲ್ಲ. ನಾನು ಕುರ್ಚಿ ಎತ್ತಿ ನಿಲ್ಲಿಸಿದೆ.

ಕೆಳಗೆ ಮೆಟ್ಟಿಲ ಬಳಿ ದನಿ ಕೇಳಿಸಿತು. ‘ಅಪ್ಪಾ.’

ಇಬ್ಬರೂ ಸುಮ್ಮನೆ ನಿಂತೆವು. ಮೋಡ ಇನ್ನೂ ಗಾಜಿಗೆ ಅಂಟಿಕೊಂಡೇ ಇತ್ತು. ಮರುಳಯ್ಯನವರು ದಂಡೆಯ ಮೇಲಿದ್ದ ಡಬ್ಬಿಯನ್ನು ಕೈಗೆತ್ತಿಕೊಂಡು ಮೆಟ್ಟಿಲಿನ ಕಡೆ ತಿರುಗಿದ್ದರು.

‘ಅಪ್ಪಾ.’

‘ಏನ್,’ ಎಂದು ನಿಂತರು. ಮತ್ತೆ, ‘ಏನ್ ತಿಂದೆ ಇವತ್ತು?’ ಎಂದರು.

‘ಏನೂ ಇಲ್ಲ. ನೀನು ಕಟ್ಟಿದ್ದನ್ನ ಬಿಟ್ಟೋದ್ನಲ್ಲ. ಅಲ್ಲಿ ಹೋಟ್ಲಿನವನು ಮಳೆ ಅಂತ ಬಾಗ್ಲೇ ತೆಗೆದಿರಲಿಲ್ಲ. ಹೊಟ್ಟೆ ಚುರುಗುಟ್ತಿದೆ.’

ಅವಳು ಮೇಲೆ ಬಂದಳು. ತಲೆಗೂದಲಿನಿಂದ ನೀರು ಇಳಿಯುತ್ತಿತ್ತು. ಅಪ್ಪ ಡಬ್ಬಿ ಬಿಚ್ಚಿ ಮುಂದಿಟ್ಟರು, ಅವಳು ನಿಂತುಕೊಂಡೇ ರೊಟ್ಟಿ ಮುರಿದಳು.

‘ಅಲ್ಲಿಂದ ಹೊರಟಾಗ್ಲೇ ನಿಮ್ಮ ಯಾರ ಮಾತೂ ಕೇಳಿಸ್ತಿರಲಿಲ್ಲ,’ ಎಂದಳು ನನ್ನ ಕಡೆ ತಿರುಗಿ. ‘ಕರಡಿಗುಡ್ಡ ದಾಟಿ ಒಂದು ಸಲ ಕರೆದೆ. ಏನೂ ಬರಲಿಲ್ಲ. ಹಳೇದು ಅಂತ ಬಿಟ್ಟಿರ್ತೀರಿ ಅಂದ್ಕೊಂಡೆ. ನಾನೂ ಇದೇ ಊರಿನವಳಲ್ವಾ. ಆಮೇಲೆ ಬಾಯಿ ಮುಚ್ಕೊಂಡು ಬಂದೆ. ದಾರೀಲಿ ಯಾರೂ ಅಡ್ಡ ಬರಲಿಲ್ಲ, ಪುಣ್ಯ.’

‘ಒಂದು ಸಲವಾ?’

‘ಒಂದೇ ಸಲ.’

ನಾನು ಕೇಳಿದ್ದು ನಾಲ್ಕು ಸಲ. ಮರುಳಯ್ಯನವರು ನನ್ನ ಮುಖ ನೋಡಿದರು. ಯಾವ ಕರೆ ಅವಳದು, ಯಾವುವು ಅವಳ ಬೇರೆ ದಿನಗಳವು, ಇವತ್ತಿಗೂ ನನಗೆ ತಿಳಿಯದು. ಹೂಂ ಎನ್ನಲು ಹೊರಟ ನನ್ನ ಬಾಯಿ ಕಟ್ಟಿದ ಆ ಮೂರನೆಯ ಕರೆ ಹೋದ ವರ್ಷದ್ದೇ ಇದ್ದರೂ ಇರಬಹುದು.

ಅಷ್ಟರಲ್ಲಿ ಗೋಪುರದ ಸ್ಪೀಕರಿನಲ್ಲಿ, ‘ಗೀಜಗ, ಕರಡಿಗುಡ್ಡ ದಾಟಿದೆ, ಇಳಿಯೋಕೆ ದಾರಿ ಕೊಡಿ’ ಎಂದು ಬಂತು. ಮಹದೇವಿ ಅಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ‘ಇದು ಯಾವಾಗಿನದು?’

‘ಯಾರಿಗೆ ಗೊತ್ತು,’ ಎಂದರು ಮರುಳಯ್ಯನವರು. ‘ನೀನು ಊಟ ಮಾಡು.’

ನಾನು ಕೆಳಗೆ ಬಂದೆ. ಹಲಗೆಯ ಕೊನೆಯ ಗೂಡಿನಲ್ಲಿ ಏನೂ ಬರೆಯದ ಚೀಟಿ ಹಾಗೆಯೇ ಇತ್ತು. ತೆಗೆಯಲು ಕೈ ಚಾಚಿದವನು ಬಿಟ್ಟೆ. ಮೋಡ ಹರಿದ ಮೇಲೆ ತೆಗೆದರಾಯಿತು. ಹೆಡ್‌ಫೋನಿನಲ್ಲಿ ಅವಳು ಮತ್ತೆ ದಾರಿ ಕೇಳಿದಳು. ‘ಕೊಡಿ’ ಎಂಬಲ್ಲಿ ದನಿ ಇಳಿದು ನಿಲ್ಲುವವರೆಗೆ ಕಾದು, ಗುಂಡಿ ಒತ್ತಿ, ‘ಹೂಂ’ ಎಂದೆ.